ಬಾಗಿಲ ಮೇಲಿನ ಗೀರು

ನವೆಂಬರ್ ೯, ಭಾನುವಾರ

ಆ ಮಾತನ್ನು ಯಾಕಾದರೂ ಆಡಿದೆನೋ! ಐವತ್ತೆಂಟು ವರ್ಷದ ಜರ್ಮನ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋದವನು, "ಹಿಡಿಕೆ ಹತ್ರ ಗೀರಿದೆ, ಹೊಸ ಬಣ್ಣ ಹೊಡೆಸ್ತೀನಿ" ಅಂದುಬಿಟ್ಟೆ.

ಮಾರುವಾಕೆ ಹಲ್ಲಿನ ಡಾಕ್ಟರು. ಕೀಲಿಯನ್ನು ಮುಷ್ಟಿಯೊಳಗೆ ಸೇರಿಸಿದರು. "ಹಾಗಾದ್ರೆ ಕೊಡಲ್ಲ ಸಾರ್. ಅದು ಕಾರ್ಖಾನೆಯಲ್ಲೇ ಹೊಡೆದ ಬಣ್ಣ. ಗೀರು ನಮ್ಮಪ್ಪನ ಉಂಗುರದ್ದು. ದಿನಾ ಬಾಗಿಲು ತೆಗೀತಿದ್ರಲ್ಲ."

ಬಗ್ಗಿ ನೋಡಿದೆ. ಕೂದಲೆಳೆಯಂಥ ನೂರಾರು ಗೆರೆಗಳು, ಎಲ್ಲವೂ ಒಂದೇ ಕಡೆಗೆ ಬಾಗಿದ್ದವು.

"ನನ್ನ ಮುಖದ ಗೆರೆಗಳನ್ನೂ ಒಂದಿನ ಹೀಗೇ ನೋಡ್ರೀ" ಎಂದಳು ಜೊತೆಗೆ ಬಂದಿದ್ದ ನನ್ನ ಹೆಂಡತಿ.

ನಾನು ನನ್ನ ಉಂಗುರ ಬಿಚ್ಚಿ ಜೇಬಿಗೆ ಹಾಕಿ ಹಿಡಿಕೆ ಮುಟ್ಟಿದೆ. ಡಾಕ್ಟರು ಕೀಲಿ ಕೊಟ್ಟರು. "ಉಂಗುರ ಹಾಕ್ಕೊಳ್ಳಿ ಸಾರ್. ಇನ್ಮೇಲೆ ನೀವು ಗೀಚಿ."

ಕಾರು ಮನೆಗೆ ಬಂತು. ಉಂಗುರ ಇನ್ನೂ ಜೇಬಿನಲ್ಲೇ ಇದೆ. ಆ ಬಾಗಿಲನ್ನು ಗೀಚುವಷ್ಟು ದೊಡ್ಡವನು ನಾನು ಯಾವಾಗ ಆಗುತ್ತೇನೋ!