ಫೋರಂ ಗಡಿಯಾರದ ಒಂದು ಗಂಟೆ

ಮಾರ್ಚ್ 11, 2025, ಮಂಗಳವಾರ

ಮತ್ತೆ ಅದೇ ಪ್ರಶ್ನೆ. "ಕೊನೇ ದಿನ ಯಾವತ್ತು?" ಪ್ರಕಟಣೆಯ ಮೊದಲ ಸಾಲಿನಲ್ಲೇ ಇದೆ, ಕೆಂಪಕ್ಷರದಲ್ಲಿ. ಮಾರ್ಚ್ 23, ಭಾನುವಾರ, ಮಧ್ಯಾಹ್ನ ಹನ್ನೆರಡು. ಅದರ ಕೆಳಗೇ ಬಂದು ಕೇಳುತ್ತಾರೆ. ಇವರು ಹನ್ನೊಂದನೆಯವರು. ಎಣಿಸುತ್ತಾ ಕೂತಿದ್ದೇನೆ, ಬೇರೆ ಕೆಲಸವಿಲ್ಲದವಳ ಹಾಗೆ.

ನಮ್ಮ ಸ್ಪರ್ಧೆಗೆ ಇದು ಹತ್ತನೆಯ ವರ್ಷ. ಒಂಬತ್ತು ದಿನದಲ್ಲಿ ಒಂದು ಕಂಪ್ಯೂಟರ್ ಆಟ ಮಾಡಿ ಕಳಿಸಬೇಕು, ಅಷ್ಟೇ. ಇದರಿಂದ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಯಾರೂ ಇಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ವಿಲ್ಫ್ರಿದೊ ರಾಜಧಾನಿ ಅಸುನ್ಸಿಯೋನಿನಲ್ಲಿ ಸಂಗೀತದ ಮೇಷ್ಟ್ರು. ಇದಕ್ಕೆಂದೇ ಇರುವ ಆನ್‌ಲೈನ್ ಫೋರಂ ನಡೆಸುವವರು ನಾವಿಬ್ಬರು. ಎಂದರೆ ಕೆಲಸವೆಲ್ಲ ನನ್ನದು, ಅವನು ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ.

ಈ ಸಲ ಹೊಸ ತಲೆನೋವನ್ನು ನಾನೇ ಕರೆದು ಮನೆಯೊಳಗೆ ಕೂರಿಸಿಕೊಂಡಿದ್ದೇನೆ. ಗಡುವಿನೊಳಗೆ ಬಂದ ಆಟಗಳನ್ನೆಲ್ಲ 29ರ ಶನಿವಾರ ಇಲ್ಲೇ ಎನ್ಕಾರ್ನಾಸಿಯೋನಿನಲ್ಲಿ, ನಮ್ಮ ಬಡಾವಣೆಯ ಕ್ಲಬ್ಬಿನ ಹಾಲ್‌ನಲ್ಲಿ ಇಟ್ಟು, ಊರವರನ್ನು ಕರೆದು ಆಡಿಸುವುದು. ಯಾವ ಗಳಿಗೆಯಲ್ಲಿ ಬಾಯಿ ಬಿಟ್ಟೆನೋ.

ಮಾರ್ಚ್ 14, ಶುಕ್ರವಾರ

ಶುರು. ವಿಷಯ: "ಒಂದೇ ಬೀದಿ". ಆಟ ಪೂರ್ತಿ ಒಂದೇ ಬೀದಿಯಲ್ಲಿ ನಡೆಯಬೇಕು. ವೋಟು ಹಾಕಿ ಆರಿಸಿದ್ದು ಅವರೇ. ಹತ್ತು ನಿಮಿಷದಲ್ಲಿ ಗೊಣಗಾಟ ಶುರು ಮಾಡಿದ್ದೂ ಅವರೇ. "ಓಣಿ ಬೀದಿ ಲೆಕ್ಕಕ್ಕೆ ಬರುತ್ತಾ?" "ನದಿ ಬೀದೀನಾ?" ಒಬ್ಬನಂತೂ, "ಬಾಹ್ಯಾಕಾಶದಲ್ಲಿ ಬೀದಿ ಇರಬಹುದಾ, ದೋನ್ಯಾ?" ದೋನ್ಯಾ ಅಂದರೆ ಅಮ್ಮಾವರು, ಮರ್ಯಾದೆಗೇನೂ ಕಮ್ಮಿಯಿಲ್ಲ. ಇರಲಿ ಮಾರಾಯ, ಎಲ್ಲಿ ಬೇಕಾದರೂ ಇರಲಿ. ನೀನೂ ಅಲ್ಲೇ ಇರು.

ಸಂಜೆ ದೋನ್ ಎವುಲಾಲಿಯೊ ಅವರ ವಾಯ್ಸ್ ಮೆಸೇಜ್. ಆರು ನಿಮಿಷ ಇಪ್ಪತ್ತು ಸೆಕೆಂಡ್. ಅದರಲ್ಲಿ ಎರಡು ನಿಮಿಷ ಅವರ ಗಿಳಿಯದು. ದೋನ್ ಅವರಿಗೆ ವಯಸ್ಸು ಎಪ್ಪತ್ತೊಂದು. ನದಿ ದಾಟಿಸುವ ಲಾಂಚುಗಳ ಎಂಜಿನ್ ರಿಪೇರಿ ಮಾಡಿಕೊಂಡಿದ್ದವರು. ಒಂಬತ್ತು ವರ್ಷದಿಂದ ಹೆಸರು ಕೊಡುತ್ತಾರೆ, ಒಂದು ಸಲವೂ ಆಟ ಕಳಿಸಿಲ್ಲ. ಒಂದು ವರ್ಷ ಕರೆಂಟು, ಒಂದು ವರ್ಷ ಮೊಣಕಾಲು, ಒಂದು ವರ್ಷ ಗಿಳಿ ಕೀಬೋರ್ಡಿನ ಗುಂಡಿ ಕಿತ್ತು ಹಾಕಿತು.

"ಮಗಳೇ, ಬೀದಿ ಅಂದ್ಯಲ್ಲ, ನನ್ನ ಹತ್ರ ಒಂದು ಇದೆ. ಈಗ ನೀರಿನ ಕೆಳಗಿದೆ, ಅಷ್ಟೇ."

ಕೆಳಪೇಟೆ. ಅಣೆಕಟ್ಟಿನ ನೀರು ಏರಿದಾಗ ಮುಳುಗಿದ ಹಳೆಯ ಮಾರುಕಟ್ಟೆ ಬೀದಿ. ಅದನ್ನು ಇದ್ದ ಹಾಗೇ ಆಟದೊಳಗೆ ಕಟ್ಟುತ್ತಾರಂತೆ. ಕೈಗಾಡಿಯವನೊಬ್ಬ ಮನೆ ಮನೆಗೆ ಸಾಮಾನು ಕೊಡುತ್ತಾ ಬೀದಿಯುದ್ದಕ್ಕೂ ಹೋಗುವುದು. ಕೊನೆಗೆ ಹೇಳಿದರು, "ಕೆಳಪೇಟೇಲಿದ್ದವರಿಗೆಲ್ಲ ಹೇಳಿಬಿಟ್ಟಿದೀನಿ. ಇಪ್ಪತ್ತೊಂಬತ್ತಕ್ಕೆ ಬರ್ತಾರೆ, ಬಸ್ಸು ಮಾಡ್ಕೊಂಡು. ಈ ಸಲಾನೂ ಮುಗಿಸದೆ ಹೋದ್ರೆ ಮುಖ ಎಲ್ಲಿಟ್ಕೊಳ್ಲಿ?"

ಮುಗಿಸದ ಆಟಕ್ಕೆ ಪ್ರೇಕ್ಷಕರನ್ನು ಬಸ್ಸಿನಲ್ಲಿ ತರಿಸುತ್ತಾರೆ. ಈ ಮನುಷ್ಯನಿಗೆ ಏನು ಹೇಳುವುದು.

ಮಾರ್ಚ್ 17, ಸೋಮವಾರ, ಸಿಯೆಸ್ತಾ ಹೊತ್ತು

ಊರೆಲ್ಲ ಬಾಗಿಲು ಹಾಕಿ ಮಧ್ಯಾಹ್ನದ ನಿದ್ದೆಗೆ ಮಲಗಿದೆ. ನಾನು ಸೊಪ್ಪು-ಬೇರು ಹಾಕಿದ ತಣ್ಣನೆ ತೆರೆರೆ ಹೀರುತ್ತಾ ಬಾಗಿಲು ರಿಪೇರಿ ಮಾಡುತ್ತಿದ್ದೇನೆ. ದೋನ್ ಎವುಲಾಲಿಯೊ ಅವರ ಆಟದ ಬಾಗಿಲು. ತೆರೆಯುತ್ತಿರಲಿಲ್ಲ. ವ್ಯವಸ್ಥಾಪಕಿ ಸ್ಪರ್ಧಿಗೆ ಸಹಾಯ ಮಾಡಬಾರದು ಅಂತೇನೂ ನಿಯಮವಿಲ್ಲ. ಇರಬೇಕಿತ್ತು. ಒಂದೂವರೆ ಗಂಟೆ ತಲೆ ತಿಂದರು. ಈಗ ತೆರೆಯುತ್ತದೆ, ಮುಚ್ಚುತ್ತಿಲ್ಲ.

"ಇರ್ಲಿ ಬಿಡು ಮಗಳೇ. ನಮ್ಮ ಬೀದೀಲಿ ಬಾಗಿಲು ಯಾರು ಮುಚ್ತಿದ್ರು?"

ಐಸ್ ಕರಗಿ ಬರೀ ನೀರಾಗಿದೆ. ಬೇರಿನ ರುಚಿಯೂ ಹೋಗಿದೆ.

ಮಾರ್ಚ್ 21, ಶುಕ್ರವಾರ

ಗೊತ್ತಿತ್ತು! "ಮಗಳೇ, ಸೋಮವಾರದ ತನಕ ಬಿಟ್ರೆ..." ಅದೂ ಎಲ್ಲರೆದುರು, ಫೋರಂನಲ್ಲೇ. ಒಬ್ಬರು ಕೇಳಿದ್ದೇ ತಡ, ಏಳು ಮಂದಿ ಹಿಂದೆಯೇ ಸಾಲು ನಿಂತರು. ಒಬ್ಬಳ ಅಜ್ಜಿಯ ಹುಟ್ಟುಹಬ್ಬವಂತೆ. ಹೋದ ವರ್ಷ ಅದೇ ಅಜ್ಜಿ ತೀರಿಕೊಂಡಿದ್ದರು.

ನಿಯಮ ಮೂರನ್ನು ಎತ್ತಿ ಅಂಟಿಸಿದೆ. "ಫೋರಂ ಗಡಿಯಾರ ತೋರಿಸುವುದೇ ಸಮಯ. ಬೇರೆ ಯಾರ ಗಡಿಯಾರವೂ ಲೆಕ್ಕಕ್ಕಿಲ್ಲ." 2019ರಲ್ಲಿ ಚಿಲಿಯವನೊಬ್ಬನ ಹತ್ತಿರ ಮೂರು ದಿನ ಕಿತ್ತಾಡಿದ ಮೇಲೆ ನಾನೇ ಬರೆದದ್ದು. ಅದರ ಕೆಳಗೆ: ಗಡುವು ಎಂದರೆ ಗಡುವು, ದೋನ್ ಎವುಲಾಲಿಯೊ.

ವಿಲ್ಫ್ರಿದೊ: ಹೆಬ್ಬೆರಳು.

ಮಾರ್ಚ್ 23, ಭಾನುವಾರ, 12.10

ಆಟ ಕಳಿಸುವ ಗೇಟ್ ಮುಚ್ಚಿದೆ. ನನ್ನ ಕೈಯಾರೆ, ಫೋನಿನಲ್ಲಿ ಸಮಯ ನೋಡಿಕೊಂಡು, ಹನ್ನೆರಡಕ್ಕೆ ಸರಿಯಾಗಿ. ಹದಿನೇಳು ಆಟ ಬಂದಿವೆ. ಪೊಸಾದಾಸಿನ ಯಮಿಲಾ — ನದಿ ಸೇತುವೆಯ ಆಚೆ ದಡದವಳು, ದಂತವೈದ್ಯರ ಹತ್ತಿರ ಕೆಲಸ, ನಮ್ಮಲ್ಲೆಲ್ಲ ಚುರುಕಾದವಳು — ಕೊನೆಯ ಹಂತ ಮುಗಿಯಲಿಲ್ಲವೆಂದು ಅದನ್ನು ಕತ್ತರಿಸಿ ಎಸೆದು 11.58ಕ್ಕೆ ಕಳಿಸಿದಳು. "ಹೊಟ್ಟೆ ಉರೀತಿದೆ ದೋನ್ಯಾ, ಆದ್ರೂ ಟೈಮಿಗೆ ಕಳಿಸಿದೀನಿ." ಎಲ್ಲರೂ ಹೀಗಿದ್ದರೆ ನನ್ನ ಕೂದಲು ಇಷ್ಟು ಬೆಳ್ಳಗಾಗುತ್ತಿರಲಿಲ್ಲ.

ಎವುಲಾಲಿಯೊ ಇಲ್ಲ. ಹತ್ತನೆಯ ವರ್ಷವೂ ಇಲ್ಲ.

12.55

ಬಂದರು! ಹನ್ನೆರಡೂ ನಲವತ್ತಕ್ಕೆ! "ಮಗಳೇ, ಆಟ ಮುಗೀತು, ಫೈಲ್ ತಗೊಳ್ತಿಲ್ವಲ್ಲ, ಗೇಟ್ ಯಾಕೆ ಹಾಕಿದೀಯಾ?" ಏನೋ ನಾನೇ ಅವರ ಮನೆ ಬಾಗಿಲಿಗೆ ಬೀಗ ಜಡಿದ ಹಾಗೆ. ಒಂಬತ್ತು ದಿನದ ಸಿಟ್ಟು ಒಟ್ಟಿಗೆ ಬಂತು. ಎಲ್ಲರೆದುರು ಬರೆದೆ: "ಮನೆಯಲ್ಲಿ ಗಡಿಯಾರ ಇಲ್ವಾ, ದೋನ್ ಎವುಲಾಲಿಯೊ? ಹತ್ತು ವರ್ಷ ಆಯ್ತು. ಇನ್ನಾದ್ರೂ ಆಟ ಬಿಟ್ಟು ಗಿಳಿ ಸಾಕಿಕೊಂಡಿರಿ."

ಹದಿನಾಲ್ಕು ಜನ ನಗುವಿನ ಚಿತ್ರ ಹಾಕಿದರು. ನನಗೂ ಖುಷಿಯಾಯಿತು. ಅದನ್ನೂ ಬರೆದಿಡುತ್ತೇನೆ.

ಅವರ ಉತ್ತರ ಒಂಬತ್ತೇ ಸೆಕೆಂಡ್. ಗಿಳಿಯ ಸದ್ದಿಲ್ಲ. "ಫೋರಂ ನೋಡ್ಕೊಂಡೇ ಕೂತಿದ್ದೆ ಮಗಳೇ. ಆಗ್ಲಿ ಬಿಡು."

ಮಾರ್ಚ್ 24, ಸೋಮವಾರ

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ.

ಬೆಳಿಗ್ಗೆ ಆಟಗಳ ಪಟ್ಟಿ ಹಾಕಲು ಫೋರಂ ತೆರೆದೆ. ನಿನ್ನೆಯ ನನ್ನದೇ ಪ್ರಕಟಣೆ, "ಗೇಟ್ ಮುಚ್ಚಲಾಗಿದೆ". ಪಕ್ಕದಲ್ಲಿ ಸಮಯ: 11.00. ಹನ್ನೊಂದು! ಯಮಿಲಾಳ ಆಟ ಬಂದದ್ದು 10.58ಕ್ಕೆ. ಎವುಲಾಲಿಯೊ ಬಂದದ್ದು 11.40ಕ್ಕೆ.

ಪ್ರತಿ ವರ್ಷ ಮಾರ್ಚಿನ ಈ ಭಾನುವಾರ ಬೇಸಿಗೆಗೆಂದು ಮುಂದಿಟ್ಟಿದ್ದ ನಮ್ಮ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದೆವು. ಹೋದ ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, ಇನ್ನು ವರ್ಷವಿಡೀ ಒಂದೇ ಸಮಯ. ನಮಗೆ ಗೊತ್ತು. ಫೋರಂ ಓಡುವ ಮುದಿ ಯಂತ್ರಕ್ಕೆ ಯಾರು ಹೇಳಬೇಕು? ನಾನು ಹೇಳಬೇಕು. ಅಕ್ಟೋಬರಿನಿಂದ "ಈ ವಾರ ಮಾಡುತ್ತೇನೆ" ಅಂದುಕೊಂಡೇ ಇದ್ದೆ. ಅದು ಪಾಪ, ಪ್ರತಿ ವರ್ಷದ ಹಾಗೆ ಶನಿವಾರ ರಾತ್ರಿ ತನ್ನಷ್ಟಕ್ಕೆ ಒಂದು ಗಂಟೆ ಹಿಂದೆ ಹೋಗಿದೆ.

ಫೋರಂ ಗಡಿಯಾರ ತೋರಿಸುವುದೇ ಸಮಯ. ಆ ಮನುಷ್ಯ ಇಪ್ಪತ್ತು ನಿಮಿಷ ಮುಂಚೆಯೇ ಬಂದಿದ್ದರು. ಹತ್ತು ವರ್ಷದಲ್ಲಿ ಮೊದಲ ಸಲ. ನಾನು ಅವರ ಮುಖದ ಮೇಲೆ ಬಾಗಿಲು ಹಾಕಿ, ಊರೆಲ್ಲ ಸೇರಿಸಿ ನಗಿಸಿದೆ.

ಅಂಗಡಿಯಲ್ಲಿ ಎರಡು ಗಾಜು ಹಾಳು ಮಾಡಿದೆ.

ಸಂಜೆ

ವಿಲ್ಫ್ರಿದೊಗೆ ಫೋನ್ ಮಾಡಿದೆ. ಹೆಬ್ಬೆರಳಲ್ಲ, ಬಾಯಿ ಬೇಕಿತ್ತು.

"ಯಾರಾದ್ರೂ ಗಮನಿಸಿದಾರಾ?" ಅಂದ.

"ಇಲ್ಲ."

"ಹಾಗಾದ್ರೆ ಗಡಿಯಾರ ಸರಿ ಮಾಡಿ ಸುಮ್ನಿರು. ಅಜ್ಜ ಮುಂದಿನ ವರ್ಷ ಕಳಿಸ್ತಾರೆ."

"ಕೆಳಪೇಟೆಯವರು ಬಸ್ಸು ಹಿಡಿದು ಬರೋದು ಈ ಶನಿವಾರ ಕಣೋ, ಮುಂದಿನ ವರ್ಷ ಅಲ್ಲ."

"ಅವರೊಬ್ಬರದ್ದು ತಗೊಂಡ್ರೆ ಉಳಿದವರು ಬಿಡ್ತಾರಾ? ನಮಗೂ ಆ ಒಂದು ಗಂಟೆ ಕೊಡು ಅಂತಾರೆ. ಯಮಿಲಾ ನಿನ್ನ ಸುಲಿದು ಹಾಕ್ತಾಳೆ."

ಸರಿಯಾಗಿಯೇ ಹೇಳಿದ. ಅದಕ್ಕೇ ಇನ್ನೂ ಸಿಟ್ಟು ಬಂತು. ಫೋನ್ ಇಟ್ಟೆ. ಗಡಿಯಾರ ಸರಿ ಮಾಡಲು ನಾಲ್ಕು ನಿಮಿಷ ಸಾಕಾಯಿತು. ಐದು ತಿಂಗಳು ಮುಂದೂಡಿದ್ದು ನಾಲ್ಕು ನಿಮಿಷದ ಕೆಲಸವನ್ನು.

ಮಾರ್ಚ್ 26, ಬುಧವಾರ

ನಿನ್ನೆ ಏನೂ ಬರೆಯಲಿಲ್ಲ. ಇಲ್ಲೂ ಇಲ್ಲ, ಫೋರಂನಲ್ಲೂ ಇಲ್ಲ. ಹೇಡಿಯ ಹಾಗೆ ಇಡೀ ದಿನ ಸುಮ್ಮನಿದ್ದೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

ಇವತ್ತು ಬರೆದು ಹಾಕಿದೆ. ತಪ್ಪು ನನ್ನದು, ಗಡಿಯಾರ ನನ್ನ ಸುಪರ್ದಿ, ದೋನ್ ಎವುಲಾಲಿಯೊ ಸಮಯಕ್ಕೆ ಸರಿಯಾಗಿ ಬಂದಿದ್ದರು, ನಾನು ಆಡಿದ ಮಾತಿಗೆ ಕ್ಷಮೆ ಇರಲಿ. ಗಿಳಿಯ ಮಾತನ್ನು ಬೇರೆಯಾಗಿ ಹೆಸರಿಸಿದೆ.

ಎರಡನೇ ನಿಮಿಷಕ್ಕೆ ಯಮಿಲಾ ಫೋನು. ಅತ್ತಳು, ಅರಚಿದಳು. "ನನ್ನ ಕೊನೇ ಹಂತ ನಾನೇ ಕತ್ತರಿಸಿ ಬಿಸಾಕಿದೀನಿ ದೋನ್ಯಾ! ನನ್ನ ಒಂದು ಗಂಟೆ ಎಲ್ಲಿ? ನಿಮ್ಮ ಜೇಬಲ್ಲಿದ್ಯಾ?" ನೀನು ಹೇಳೋದು ಸರಿ ಅಂದೆ. ಎಷ್ಟೋ ವರ್ಷದ ಮೇಲೆ ಮೊದಲ ಸಲ.

ಕೊನೆಗೆ ಹೀಗೆ ಮಾಡಿದೆ: ನಾಳೆ ಸಿಯೆಸ್ತಾ ಹೊತ್ತಿಗೆ, ಒಂದರಿಂದ ಎರಡರವರೆಗೆ, ಎಲ್ಲರಿಗೂ ಗೇಟ್ ತೆರೆದಿರುತ್ತದೆ. ಕಳೆದುಹೋದ ಗಂಟೆ ವಾಪಸ್. ಏನು ಬೇಕಾದರೂ ಮಾಡಿಕೊಳ್ಳಿ.

ಎವುಲಾಲಿಯೊ ಮಾತ್ರ ಓದಲೇ ಇಲ್ಲ. ಫೋನ್ ಮಾಡಿದೆ. ಕಂಪ್ಯೂಟರಿನ ವೈರೆಲ್ಲ ಕಿತ್ತು ಬಟ್ಟೆ ಹೊದಿಸಿಟ್ಟಿದ್ದಾರಂತೆ.

"ಬೇಡ ಮಗಳೇ. ಬಸ್ಸು ಬೇಡ ಅಂತ ಹೇಳಿ ಆಯ್ತು. ಮತ್ತೆ ಬನ್ನಿ ಅಂದ್ರೆ ಹುಚ್ಚ ಅಂತಾರೆ."

"ನಾನೇ ಹೇಳ್ತೀನಿ ಅವರಿಗೆ. ನಂಬರ್ ಕೊಡಿ."

"ನಲವತ್ತು ಜನ ಇದಾರೆ."

"ಕೊಡಿ ಅಂದ್ನಲ್ಲ!"

ತಪ್ಪು ಒಪ್ಪಿಕೊಳ್ಳುವಾಗಲೂ ಗದರುತ್ತೇನೆ. ಹುಟ್ಟು ಗುಣ. ನಲವತ್ತರಲ್ಲಿ ಇಪ್ಪತ್ತಾರು ಜನ ಸಿಕ್ಕರು. ಪ್ರತಿಯೊಬ್ಬರೂ ಮೊದಲು ನಾನು ಯಾರ ಮಗಳು ಅಂತ ಕೇಳಿದರು. ಬಾಯಿ ಒಣಗಿ ಹೋಗಿದೆ.

ಮಾರ್ಚ್ 27, ಗುರುವಾರ, 2.05

ಆ ಒಂದು ಗಂಟೆಯಲ್ಲಿ ನೆಟ್ಟಗಿದ್ದ ಆಟಗಳನ್ನೂ ಕೆಡಿಸಿಕೊಂಡರು. ಬಾಹ್ಯಾಕಾಶದವನದು ಈಗ ತೆರೆಯುವುದೇ ಇಲ್ಲ. ಯಮಿಲಾ ಕೊನೆಯ ಹಂತವನ್ನು ಮತ್ತೆ ಸೇರಿಸಿದಳು, ಚೆನ್ನಾಗಿದೆ.

1.30. ಎವುಲಾಲಿಯೊ ಇಲ್ಲ. 1.45. ಇಲ್ಲ. ಫೋನ್ ಮಾಡಲು ಕೈ ಹೋಯಿತು, ತಡೆದೆ, ಮತ್ತೆ ಹೋಯಿತು. 1.52ಕ್ಕೆ ಬಂತು. ತೆರೆದು ನೋಡಿದೆ. ಓಡುತ್ತದೆ. ಬಾಗಿಲುಗಳು ಮುಚ್ಚುವುದಿಲ್ಲ.

ಮಾರ್ಚ್ 30, ಭಾನುವಾರ, ಬೆಳಿಗ್ಗೆ

ನಿನ್ನೆ ಬಸ್ಸು ಬಂತು. ನಲವತ್ತಲ್ಲ, ಐವತ್ಮೂರು ಜನ. ಮಂಕರಿಗಟ್ಟಲೆ ಚಿಪಾ ಹೊತ್ತು ತಂದರು, ಹಾಲ್ ತುಂಬ ಆ ಚೀಸ್ ರೊಟ್ಟಿಯ ಘಮ. ಉಳಿದ ಹದಿನೇಳು ಆಟಗಳನ್ನು ಯಾರೂ ತಿರುಗಿಯೂ ನೋಡಲಿಲ್ಲ. ಎಲ್ಲರೂ ಒಂದೇ ಪರದೆಗೆ ಮುತ್ತಿಕೊಂಡರು. ನೋಡಿ ಕಣ್ಣೀರು ಹಾಕುತ್ತಾರೆ ಅಂದುಕೊಂಡಿದ್ದೆ. ಜಗಳಕ್ಕೆ ನಿಂತರು.

"ಔಷಧಿ ಅಂಗಡಿ ಎಡಕ್ಕಿತ್ತು ಕಣಯ್ಯಾ!"

"ನಿನ್ ತಲೆ. ಎಡಕ್ಕಿದ್ದಿದ್ದು ಟೈಲರ್."

"ನನ್ನ ಗಂಡನಿಗೆ ಮೀಸೆ ಎಲ್ಲಿತ್ತು? ಎವುಲಾಲಿಯೊ, ತೆಗಿ ಅದನ್ನ!"

ದೋನ್ ಎವುಲಾಲಿಯೊ ಇಸ್ತ್ರಿ ಅಂಗಿ ಹಾಕಿಕೊಂಡು ಬೆವರುತ್ತಾ ನಿಂತಿದ್ದರು. ಅವರನ್ನು ನಾನು ಮುಖಾಮುಖಿ ನೋಡಿದ್ದು ಅದೇ ಮೊದಲು. ಇಷ್ಟು ಕುಳ್ಳಗಿದ್ದಾರೆಂದು ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಹತ್ತಿರ ಹೋದೆ. "ಚಿಪಾ ತಿಂದ್ಯಾ ಮಗಳೇ?" ಅಂದರು. ತಿಂದೆ.

ಆಮೇಲೆ ಎಲ್ಲರೂ ಗೌರವದಿಂದ ಞಾ ಪೆಟ್ರೊನಾ ಅನ್ನುವ ಅಜ್ಜಿ ಕೂತರು. ಎಂಬತ್ತಾರು ವರ್ಷ. ಕೀಬೋರ್ಡ್ ಮುಟ್ಟಿದ್ದೇ ಮೊದಲು. ಬಲಗಡೆಯ ಬಾಣದ ಗುಂಡಿ ಒಂದನ್ನು ತೋರಿಸಿಕೊಟ್ಟೆ. ಒತ್ತಿದರು, ಕೈಗಾಡಿಯವನು ನಡೆದ. ಒಂದು ಮನೆಗೂ ನಿಲ್ಲಲಿಲ್ಲ. ಔಷಧಿ ಅಂಗಡಿ, ಟೈಲರ್, ಐಸ್ ಮಾರುವವನು, ಯಾರ ಮಾತನ್ನೂ ಕೇಳದೆ ನೇರ ನಡೆಸಿಕೊಂಡು ಹೋದರು. ಕ್ಷೌರದಂಗಡಿ ದಾಟಿದ ಮೇಲೆ ಬೀದಿ ಮುಗಿಯಿತು. ಅಲ್ಲಿಂದಾಚೆ ಬರೀ ಬೂದು ಬಣ್ಣ. ಅವರು ಗುಂಡಿ ಬಿಡಲಿಲ್ಲ. ಕೈಗಾಡಿಯವನು ನಿಂತಲ್ಲೇ ಕಾಲು ಆಡಿಸುತ್ತಿದ್ದ.

"ಇದು ಮುಂದೆ ಹೋಗ್ತಿಲ್ವಲ್ಲ ಎವುಲಾಲಿಯೊ. ನಮ್ಮನೆ ಇನ್ನೂ ನಾಲ್ಕು ಬಾಗಿಲು ಆಚೆ."

"ಅಷ್ಟೇ ಕಟ್ಟಿರೋದು, ಞಾ ಪೆಟ್ರೊನಾ. ಟೈಮ್ ಸಾಲ್ಲಿಲ್ಲ."

"ನಮ್ಮದು ಬಂದರಿನ ಹತ್ರ ಅಲ್ವಾ?" ಹಿಂದಿನಿಂದ ಇನ್ನೊಬ್ಬರು. "ನಮ್ಮದೂ ಇಲ್ವಾ ಹಾಗಾದ್ರೆ?"

ಜಗಳ ನಿಂತುಹೋಯಿತು. ಅಜ್ಜಿ ಬೆರಳು ತೆಗೆಯಲಿಲ್ಲ. "ಪರವಾಗಿಲ್ಲ," ಅಂದರು. "ನಾನು ಕಾಯ್ತೀನಿ. ನೀನು ಕಟ್ಟು." ಈಗಲೇ, ಅಲ್ಲೇ ಕೂತು ಕಟ್ಟಿ ಮುಗಿಸುತ್ತಾರೆ ಅಂದುಕೊಂಡಿದ್ದರು. ಮೊಮ್ಮಗಳು ಬಂದು ಮೆಲ್ಲಗೆ ಕೈ ಬಿಡಿಸಬೇಕಾಯಿತು.

ದೋನ್ ಎವುಲಾಲಿಯೊ ನನ್ನ ಕಡೆ ನೋಡಲಿಲ್ಲ. ಸೋಮವಾರದ ತನಕ ಕೊಡು ಅಂತ ಕೇಳಿದ್ದ ಮನುಷ್ಯ, ಈಗ ಏನೂ ಕೇಳಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕುರ್ಚಿ ಎಳೆದುಕೊಂಡು ಅವರೆದುರು ಕೂತೆ.

"ಎಷ್ಟು ದಿನ ಬೇಕು?"

"ನಾಲ್ಕು ಬಾಗಿಲಿಗಾ? ಬಂದರಿನ ತನಕಾನಾ?"

"ಬಂದರಿನ ತನಕ."

ಬೆರಳು ಮಡಿಸುತ್ತಾ ಮನೆ ಮನೆಯ ಹೆಸರು ಹೇಳುತ್ತಾ ಹೋದರು. ಇನ್ನೂ ಮೂವತ್ತೆಂಟು ಬಾಕಿ. ಒಂಬತ್ತು ದಿನದಲ್ಲಿ ಅವರು ಕಟ್ಟಿದ್ದು ಹನ್ನೊಂದು, ಅದೂ ಅರ್ಧ ನಾನು ಕೂತು.

ಈಗ ಫೋರಂ ತೆರೆದು ಕೂತಿದ್ದೇನೆ. ಹೊಸ ಪುಟ, ಹೊಸ ಗಡುವು. ಯಮಿಲಾಳಿಗೆ ಬರೆದೆ. "ಬಾಗಿಲು ಮುಚ್ಚೋ ಹಾಗೆ ನಾನು ಮಾಡ್ತೀನಿ, ಟೈಲರ್ ಎಡಾನಾ ಬಲಾನಾ ಅನ್ನೋದೂ ನನಗಿರಲಿ," ಅಂದಳು. ದೋನ್ಯಾ ಅನ್ನಲಿಲ್ಲ, ಇರಲಿ. ವಿಲ್ಫ್ರಿದೊನ ಹೆಬ್ಬೆರಳು ಈ ಸಲ ಬೇಡ, ಅವನಿಗೆ ಐದು ಮನೆ ಹಂಚಿದ್ದೇನೆ.

ದಿನಾಂಕದ ಜಾಗ ಮಾತ್ರ ಖಾಲಿ. ಞಾ ಪೆಟ್ರೊನಾಗೆ ಎಂಬತ್ತಾರು ವರ್ಷ. ಅವರ ಮನೆ ಮೊದಲು. ಬಂದರಿನವರಿಗೆ ಎಂಬತ್ತೊಂದು, ಎಪ್ಪತ್ತೊಂಬತ್ತು, ಇನ್ನೊಬ್ಬರಿಗೆ ತೊಂಬತ್ತು. ಹಾಗಾದರೆ ಆ ಮನೆ ಮೊದಲು. ಕಟ್ಟುವವರಿಗೇ ಎಪ್ಪತ್ತೊಂದು. ವಾರಕ್ಕೆ ಮೂರು ಮನೆಯಾದರೆ ಜುಲೈ ಆಗುತ್ತದೆ. ಜುಲೈ ತನಕ ಬಿಡಲು ಆಗುವುದಿಲ್ಲ. ವಾರಕ್ಕೆ ಐದಾದರೂ...