ಕುಸೈಯ ಕೇಸು ಬಿಟ್ಟುಬಿಡಿ

ವಕೀಲರಾದ ಸಹೋದರಿ ನುಹಾ ಅವರಿಗೆ,

ನಿಮಗೆ ಶಾಂತಿ ಸಿಗಲಿ.

ನನ್ನ ಹನ್ನೊಂದು ವರ್ಷದ ಮಗ ಕುಸೈಯನ್ನು ಸೈನಿಕರು ಗುಂಡಿಕ್ಕಿ ಕೊಂದದ್ದಕ್ಕೆ ನೀವು ಹಾಕಿದ ದೂರನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಯುದ್ಧದಲ್ಲೂ ಮಕ್ಕಳನ್ನು ಕಾಯಬೇಕೆಂದು ಲೋಕವೇ ಒಪ್ಪಿದ ಕಾನೂನಿದೆ ಎಂದು ನಮ್ಮ ಅಂಗಳದಲ್ಲಿ ಕೂತು ಹೇಳಿದಿರಿ. ನಾನು ನಂಬಿದೆ. ಆದರೆ ಮಗಳು ಜುಮಾನಾಳ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಇರುವುದು ನಿಮ್ಮ ಜೆರುಸಲೇಮಿನಲ್ಲಿ. ಅಲ್ಲಿಗೆ ಹೋಗಲು ಸೈನಿಕರ ಗೇಟು ದಾಟಬೇಕು; ಅದಕ್ಕೆ ಪಾಸು ಕೇಳಲು ಹೋದಾಗ ಅವರ ಅಧಿಕಾರಿ ಚಹಾ ತರಿಸಿ, ನಮ್ಮ ಅರಬ್ಬಿಯಲ್ಲೇ ಮಾತಾಡಿದ.

"ಸತ್ತೋನಿಗೆ ನ್ಯಾಯ ಬೇಕೋ, ಇರೋಳಿಗೆ ಔಷಧಿ ಬೇಕೋ, ನೀನೇ ಹೇಳಮ್ಮ."

"ಔಷಧಿ," ಅಂದೆ.

"ಹಾಗಾದ್ರೆ ಮಗ ನಮ್ಮ ಮೇಲೆ ಕಲ್ಲು ಎಸೀತಿದ್ದ ಅಂತ ಬರೆದು ಸಹಿ ಹಾಕು."

ಅವನು ಎಸೆದಿರಲಿಲ್ಲ. ಆದರೂ ಸಹಿ ಹಾಕಿದೆ. ಅವನ ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ನಿನ್ನೆ ಪಾಸು ಬಂತು, ಜುಮಾನಾಳಿಗೆ ಮಾತ್ರ. ಕಲ್ಲು ಎಸೆದವನ ತಂದೆತಾಯಿಯನ್ನು ಗೇಟು ದಾಟಲು ಬಿಡುವುದಿಲ್ಲವಂತೆ.

ಅವಳಿಗಿನ್ನೂ ಆರು ವರ್ಷ. ಭಾನುವಾರ ಬೆಳಿಗ್ಗೆ ಗೇಟಿನ ಆಚೆ ನಿಂತು ಅವಳ ಕೈ ಹಿಡಿದುಕೊಳ್ಳುತ್ತೀರಾ? ಹೊಸಬರನ್ನು ಕಂಡರೆ ಅಳುತ್ತಾಳೆ. "ಅವ್ರಿಗೆ ಅಣ್ಣ ಗೊತ್ತಾ?" ಎಂದು ಕೇಳಿದಳು. ಚೆನ್ನಾಗಿ ಗೊತ್ತು ಎಂದು ಹೇಳಿದ್ದೇನೆ.

ಇಂತಿ,
ಕುಸೈಯ ತಾಯಿ