ಹಳೆಯ ಮನೆಯ ಕೊನೆಯ ದಿನ

ಮಾರ್ಚ್ ೧೪, ಗುರುವಾರ

ಹಳೆಯ ಮನೆ ಮಾರಾಟವಾದರೂ ತೆರಿಗೆಯ ತಲೆನೋವು ಉಳಿದಿತ್ತು. ನಾವೇ ವಾಸವಿದ್ದ ವರ್ಷಗಳ ಪಾಲಿನ ಲಾಭಕ್ಕೆ ತೆರಿಗೆ ಇಲ್ಲವಂತೆ, ಬಿಟ್ಟು ಬಾಡಿಗೆಗೆ ಕೊಟ್ಟ ವರ್ಷಗಳ ಪಾಲಿಗೆ ಇದೆಯಂತೆ. "ಮನೆ ಬಿಟ್ಟಿದ್ದು ಯಾವತ್ತು? ಬರೆದಿಟ್ಟಿದ್ದು ಏನಾದ್ರೂ ಇದ್ಯಾ?" ಎಂದು ತೆರಿಗೆ ಸಲಹೆಗಾರ್ತಿ ವಾರದಿಂದ ಬೆನ್ನು ಹತ್ತಿದ್ದರು. ಸಾಮಾನು ಸಾಗಿಸಿದ ಲಾರಿಯವನ ರಸೀದಿ ಎಂದೋ ಮಾಯ. ಮನೆ ಬಿಟ್ಟಿದ್ದು ಬೇಸಿಗೆಯಲ್ಲಿ ಎಂದು ನಾನು, ಚಳಿಗಾಲದಲ್ಲಿ ಎಂದು ನನ್ನ ಹೆಂಡತಿ.

ಸಂಜೆ ಅಟ್ಟದಿಂದ ಒಂಬತ್ತು ವರ್ಷ ಹಿಂದಿನ ದಿನಚರಿ ಇಳಿಸಿದೆ. ಪುಟ ಸಿಕ್ಕ ಖುಷಿಗೆ ಪೂರ್ತಿ ಓದದೆ ಇವಳ ಕೈಗೆ ಕೊಟ್ಟುಬಿಟ್ಟೆ. ಇವಳು ಗಟ್ಟಿಯಾಗಿ ಓದಿದಳು: "ನವೆಂಬರ್ ೩. ಇವತ್ತು ಮನೆ ಬಿಟ್ಟೆವು. ಖಾಲಿ ಅಡುಗೆಮನೆಯಲ್ಲಿ ನಿಂತು ಇವಳು ಅತ್ತಳು, ಸಮಾಧಾನ ಮಾಡಿದೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ನಾನೂ ಅತ್ತೆ."

"ಕಣ್ಣಿಗೆ ಸೋಪು ಹೋಯ್ತು ಅಂದಿದ್ರಲ್ರೀ ಅವತ್ತು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚಳಿಗಾಲವೇ ಗೆದ್ದಿತು ಎಂದು ಹಂಗಿಸುವುದನ್ನೂ ಇವಳು ಮರೆತಳು.

ಸಲಹೆಗಾರ್ತಿಗೆ ಫೋನು ಮಾಡಿದೆ. "ತಾರೀಖು, ಮೊದಲನೇ ಸಾಲು ಸಾಕು ಸಾರ್. ಉಳಿದದ್ದನ್ನ ಮುಚ್ಚಿ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ" ಎಂದರು.

ನಾಳೆ ಬೆಳಿಗ್ಗೆಯೇ ಮಾಡಿಸಬೇಕು, ಎರಡು. ಮುಚ್ಚದೆ ತೆಗೆಸಿದ್ದೊಂದು ತನಗೆ ಬೇಕಂತೆ ಇವಳಿಗೆ.